ಹೇಂಟೆ ಇನ್ನೂ ಮೊಟ್ಟೆ ಇಟ್ಟಿಲ್ಲವೇ? ಕತ್ತಿ ಮಸೆಯುವ ಮುನ್ನ ವಾರ ಲೆಕ್ಕ ಹಾಕಿ

ಮನೆಯಲ್ಲಿ ನಾಲ್ಕು ಕೋಳಿ ಸಾಕಿದವರ ಬಾಯಲ್ಲಿ ಒಂದು ದೂರು ಮಾಮೂಲು. "ಕೋಳಿ ಇಷ್ಟು ದೊಡ್ಡದಾಯಿತು, ತಿನ್ನಲಿಕ್ಕೆ ಎಂತದ್ದೂ ಕಮ್ಮಿ ಇಲ್ಲ, ಮೊಟ್ಟೆ ಮಾತ್ರ ಇಲ್ಲ." ಮಗ್ರಿಬ್ ಕಳೆದು ಅಂಗಳದಲ್ಲಿ ಕೂತವರು, ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಸೇರಿದ ಹೆಂಗಸರು, ಮದ್ರಸಕ್ಕೆ ಬರುವ ಮಕ್ಕಳು, ಎಲ್ಲರೂ ಇದನ್ನೇ ಹೇಳುತ್ತಾರೆ. ಕೆಲವರು ನಮ್ಮಂತಹ ಉಸ್ತಾದರ ಹತ್ತಿರವೂ ಬರುತ್ತಾರೆ. "ಉಸ್ತಾದ್, ಕೋಳಿಗೆ ಯಾರದ್ದೋ ಕಣ್ಣು ಬಿದ್ದಿದೆ. ಸ್ವಲ್ಪ ನೀರು ಓದಿ ಕೊಡಿ." ಓದಿ ಕೊಡುವುದಕ್ಕೆ ತಕರಾರಿಲ್ಲ. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಆ ಮರಿ ಮೊಟ್ಟೆಯೊಡೆದು ಹೊರಗೆ ಬಂದು ಎಷ್ಟು ವಾರ ಆಯಿತು?

ಹತ್ತರಲ್ಲಿ ಎಂಟು ಮಂದಿಗೆ ಇದಕ್ಕೆ ಉತ್ತರ ಗೊತ್ತಿರುವುದಿಲ್ಲ.

ಇದು ಸಣ್ಣ ವಿಷಯ ಅಂತ ಕಾಣಬಹುದು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಕೋಳಿ ಹೆಂಗಸರ ಸ್ವಂತ ಆಸ್ತಿ. ಗಲ್ಫಿನಿಂದ ಗಂಡ ಕಳಿಸುವ ಹಣ ಬಾಡಿಗೆಗೆ, ಶಾಲೆಯ ಫೀಸಿಗೆ, ಸಾಲಕ್ಕೆ ಹೋಗುತ್ತದೆ. ಮೊಟ್ಟೆ ಮಾರಿದ ದುಡ್ಡು ಮಾತ್ರ ಅಡುಗೆಮನೆಯ ಡಬ್ಬದಲ್ಲಿ ಉಳಿಯುತ್ತದೆ, ಅದಕ್ಕೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಊರ ಕೋಳಿ ಮೊಟ್ಟೆಗೆ ಫಾರ್ಮ್ ಮೊಟ್ಟೆಗಿಂತ ಒಳ್ಳೆಯ ಬೆಲೆಯೂ ಉಂಟು, ಕೇಳಿಕೊಂಡು ಮನೆಗೇ ಬರುವವರೂ ಇದ್ದಾರೆ. ಹಾಗಿರುವಾಗ ಆರು ತಿಂಗಳು ಅಕ್ಕಿ, ತೌಡು ಹಾಕಿ ಸಾಕಿದ ಹೇಂಟೆ ಮೊಟ್ಟೆ ಇಡಲಿಲ್ಲ ಎಂದು ಬೇಸರದಲ್ಲಿ ಕೊಯ್ದುಬಿಟ್ಟರೆ ನಷ್ಟ ಯಾರಿಗೆ?

ಕೊಯ್ದ ಮೇಲೆ ಶುಚಿ ಮಾಡುವಾಗ ಎಷ್ಟೋ ತಾಯಂದಿರು ಒಂದು ದೃಶ್ಯ ನೋಡಿರುತ್ತಾರೆ. ಬೆನ್ನಿನ ಒಳಬದಿಯಲ್ಲಿ ಹಳದಿ ಮಣಿಗಳ ಗೊಂಚಲು. ಸಾಸಿವೆಯಷ್ಟು, ಕಡಲೆಯಷ್ಟು, ಮಧ್ಯೆ ಒಂದೆರಡು ನೆಲ್ಲಿಕಾಯಿಯಷ್ಟು. ನೆಲ್ಲಿಕಾಯಿಯಷ್ಟು ದೊಡ್ಡ ಹಳದಿ ಇದ್ದರೆ ಅದರ ಅರ್ಥ ಇಷ್ಟೇ: ಆ ಹೇಂಟೆ ಇನ್ನೊಂದು ವಾರದೊಳಗೆ ಮೊಟ್ಟೆ ಇಡುತ್ತಿತ್ತು. ಚಿಕ್ಕ ಮಣಿ ದೊಡ್ಡ ಹಳದಿಯಾಗಲು ಕೊನೆಯ ಹಂತದಲ್ಲಿ ಬೇಕಾಗುವುದು ಹೆಚ್ಚೆಂದರೆ ಹತ್ತು ದಿನ. ಆರು ತಿಂಗಳು ಕಾದವರು ಹತ್ತು ದಿನ ಕಾಯದೆ ಕಳೆದುಕೊಂಡದ್ದು ಅದು.

ದೇಹ ನೋಡಿ ಪ್ರಾಯ ಹೇಳಬೇಡಿ

ಹೇಂಟೆಯ ಪ್ರಾಯವನ್ನು ಗಾತ್ರದಿಂದ ಅಳೆಯುವುದೇ ಮೊದಲ ತಪ್ಪು. ಈಗ ನಮ್ಮ ಊರುಗಳಲ್ಲಿ ಬೈಕಿನಲ್ಲಿ, ರಿಕ್ಷಾದಲ್ಲಿ ಮರಿ ಮಾರಿಕೊಂಡು ಬರುವವರು ಹೆಚ್ಚು. ಅವರು ತರುವುದು ಹೆಚ್ಚಾಗಿ ಗಿರಿರಾಜ ಅಥವಾ ಅದರ ಹಾಗೆ ಬೇಗ ಬೆಳೆಯುವ ಬಣ್ಣದ ತಳಿಗಳು. ಇವು ಎರಡೂವರೆ, ಮೂರು ತಿಂಗಳಿಗೇ ನಮ್ಮ ಊರ ಹೇಂಟೆಯಷ್ಟು ತೂಗುತ್ತವೆ. ನೋಡಿದವರಿಗೆ "ಇದು ತಾಯಿ ಕೋಳಿ" ಅಂತಲೇ ಕಾಣುತ್ತದೆ. ಮಾರುವವನು "ಇನ್ನು ಹದಿನೈದು ದಿನದಲ್ಲಿ ಇಡ್ತದೆ ಅಕ್ಕ" ಅಂದರೆ ನಂಬದೆ ಇರುವುದು ಹೇಗೆ? ನಿಜ ಹೇಳಬೇಕೆಂದರೆ ಅದು ಇನ್ನೂ ಮಗು. ಅದರ ಮೈ ಬೆಳೆದಿದೆ, ಗರ್ಭಕೋಶ ಬೆಳೆದಿಲ್ಲ.

ಯಾವ ತಳಿ ಎಷ್ಟು ವಾರಕ್ಕೆ ಮೊದಲ ಮೊಟ್ಟೆ ಇಡುತ್ತದೆ ಎಂಬುದು ತಿಳಿದಿದ್ದರೆ ಅರ್ಧ ಚಿಂತೆ ಅಲ್ಲಿಗೇ ಮುಗಿಯುತ್ತದೆ.

ದೊಡ್ಡ ಫಾರ್ಮುಗಳಲ್ಲಿ ಗೂಡಿನೊಳಗೆ ಸಾಕುವ ಬಿಳಿ ಲೇಯರ್ ಕೋಳಿಗಳು 18ರಿಂದ 20 ವಾರಕ್ಕೆ ಶುರು ಮಾಡುತ್ತವೆ. ವರ್ಷಕ್ಕೆ 300 ಮೊಟ್ಟೆ ಇಡುವಂತೆ ಆಯ್ದು ಬೆಳೆಸಿದ ತಳಿ ಅದು. ನಮ್ಮ ಅಂಗಳದ ಕೋಳಿಯನ್ನು ಅದಕ್ಕೆ ಹೋಲಿಸಬಾರದು.

ಗಿರಿರಾಜ ಮತ್ತು ಸ್ವರ್ಣಧಾರ ನಮ್ಮ ಕರ್ನಾಟಕದ್ದೇ ತಳಿಗಳು. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಲ್ಲಿ ಸಾಕಲಿಕ್ಕೆಂದೇ ಇವನ್ನು ಅಭಿವೃದ್ಧಿ ಮಾಡಿದರು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದಿಂದ ಬಂದದ್ದು ವನರಾಜ ಮತ್ತು ಗ್ರಾಮಪ್ರಿಯ. ಇವೆಲ್ಲ ಸಾಮಾನ್ಯವಾಗಿ 22ರಿಂದ 25 ವಾರದ ಒಳಗೆ ಶುರು ಮಾಡುತ್ತವೆ. ಅದೂ ಸರಿಯಾದ ಆಹಾರ ಸಿಕ್ಕಿದರೆ.

ನಮ್ಮ ಅಪ್ಪಟ ಊರ ಕೋಳಿಗೆ 24ರಿಂದ 28 ವಾರ ಬೇಕು. ಮಧ್ಯಪ್ರದೇಶದ ಝಬುವಾದಿಂದ ಬಂದ ಕಪ್ಪು ಕೋಳಿ ಕಡಕ್‌ನಾಥ್‌ಗೂ ಸುಮಾರು ಆರು ತಿಂಗಳು ಆಗಬೇಕು. ಅಂಕದ ಕೋಳಿಯ ಕಡೆಯ ಅಸೀಲ್ ರಕ್ತ ಸೇರಿದ್ದರೆ 28 ವಾರ ಕಳೆದು ಏಳು, ಏಳೂವರೆ ತಿಂಗಳಾದರೂ ಆಶ್ಚರ್ಯ ಪಡಬೇಕಿಲ್ಲ.

ನಮ್ಮ ಹೆಂಗಸರು ತಿಂಗಳು ಲೆಕ್ಕ ಹಾಕುವುದು ಹೆಚ್ಚಾಗಿ ಅರಬಿ ತಿಂಗಳಲ್ಲಿ. "ಮೀಲಾದ್ ದಿವಸ ಒಡೆದ ಮರಿ, ರಮಝಾನ್ ಬಂದರೂ ಮೊಟ್ಟೆ ಇಲ್ಲ" ಎನ್ನುತ್ತಾರೆ. ಬೆರಳು ಮಡಚಿ ನೋಡಿ. ರಬೀಉಲ್ ಅವ್ವಲ್ 12ರಿಂದ ರಮಝಾನಿನ ಚಂದ್ರ ಕಾಣುವವರೆಗೆ ಸುಮಾರು 165 ದಿವಸ, ಅಂದರೆ ಇಪ್ಪತ್ತಮೂರೂವರೆ ವಾರ. ಊರ ಕೋಳಿಗೆ ಅದು ತಡವೇ ಅಲ್ಲ, ಇನ್ನೂ ಸಮಯವೇ ಆಗಿಲ್ಲ! ಪೆರ್ನಾಲ್ ಕಳೆಯಲಿ, ಆಮೇಲೆ ಮಾತಾಡುವ.

ಆದ್ದರಿಂದ ಮನೆಯಲ್ಲಿ ಮರಿ ಒಡೆದರೆ ಅವತ್ತೇ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಡಿ. ಹೊರಗಿನಿಂದ ತರುವುದಾದರೆ ಒಂದು ದಿನದ ಮರಿಯನ್ನೋ, ಪ್ರಾಯ ಖಚಿತವಾಗಿ ಗೊತ್ತಿರುವ ಮರಿಯನ್ನೋ ತನ್ನಿ. ಮಾರುವವರೂ ನೆನಪಿಡಬೇಕಾದ ಮಾತೊಂದಿದೆ: ಮಾಲಿನ ಕೊರತೆ ಮುಚ್ಚಿಟ್ಟು ಮಾರಿದ ವ್ಯಾಪಾರದಲ್ಲಿ ಬರ್ಕತ್ ಇಲ್ಲ.

ಮೊದಲು ಅದು ಹೇಂಟೆಯೇ ನೋಡಿ

ನಗಬೇಡಿ. ಉರೂಸ್, ಜಾತ್ರೆ, ಸಂತೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದ ಮರಿಗಳನ್ನು ಮಾರುತ್ತಾರಲ್ಲ, ಮಕ್ಕಳು ಹಠ ಮಾಡಿ ತರಿಸಿಕೊಳ್ಳುತ್ತಾರೆ. ಅವು ಹೆಚ್ಚಾಗಿ ಲೇಯರ್ ತಳಿಯ ಗಂಡು ಮರಿಗಳು. ಮೊಟ್ಟೆಯ ಫಾರ್ಮಿಗೆ ಹೆಣ್ಣು ಮರಿ ಮಾತ್ರ ಸಾಕು, ಗಂಡು ಬೇಡ. ಹಾಗೆ ಉಳಿದವುಗಳಿಗೆ ಬಣ್ಣ ಹಾಕಿ ಕಮ್ಮಿ ಬೆಲೆಗೆ ಮಾರುತ್ತಾರೆ. ಅದರಿಂದ ಮೊಟ್ಟೆ ಕಾದರೆ ಕಿಯಾಮತ್ ದಿನದವರೆಗೆ ಕಾಯಬೇಕಾದೀತು.

ಮೂರು, ಮೂರೂವರೆ ತಿಂಗಳಿಗೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಾಲದ ಬುಡದಲ್ಲಿ, ಬೆನ್ನಿನ ಎರಡು ಬದಿಗೆ ಇಳಿಬೀಳುವ ಗರಿಗಳು ಸಪೂರವಾಗಿ ಚೂಪಾಗಿದ್ದರೆ ಹುಂಜ. ತುದಿ ಉರುಟಾಗಿದ್ದರೆ ಹೇಂಟೆ.

ಇನ್ನೊಂದು ತಪ್ಪು ನಂಬಿಕೆಯೂ ಇದೆ. "ಹುಂಜ ಇಲ್ಲದೆ ಹೇಂಟೆ ಮೊಟ್ಟೆ ಇಡುವುದಿಲ್ಲ" ಎನ್ನುತ್ತಾರೆ. ಹಾಗೇನಿಲ್ಲ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯನ್ನು ಕಾವಿಗೆ ಇಟ್ಟರೆ ಮರಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ತಿನ್ನಲಿಕ್ಕೆ, ಮಾರಲಿಕ್ಕೆ ಮಾತ್ರ ಮೊಟ್ಟೆ ಬೇಕಾದವರು ಹುಂಜನಿಗೆ ದಿನಾ ಅಕ್ಕಿ ಹಾಕುವ ಅಗತ್ಯವಿಲ್ಲ.

ಹೇಂಟೆಯ ಮೈಯೇ ಹೇಳುತ್ತದೆ

ಮೊಟ್ಟೆಯ ಸಮಯ ಹತ್ತಿರ ಬಂದಾಗ ಹೇಂಟೆ ಬಾಯಿಬಿಟ್ಟು ಹೇಳದಿದ್ದರೂ ಮೈಯಿಂದ ಹೇಳುತ್ತದೆ. ನಾಲ್ಕು ಗುರುತು ನೋಡಿ.

ಒಂದು, ತಲೆಯ ಜುಟ್ಟು ಮತ್ತು ಗಲ್ಲದ ಕೆಳಗಿನ ಜೋಲು. ಎಳೆಯದರಲ್ಲಿ ಇವು ಸಣ್ಣದಾಗಿ, ಪೇಲವ ಗುಲಾಬಿ ಬಣ್ಣದಲ್ಲಿ ಇರುತ್ತವೆ. ಸಮಯ ಹತ್ತಿರ ಬಂದಂತೆ ದೊಡ್ಡದಾಗಿ, ಕೆಂಪಗೆ ಹೊಳೆಯುತ್ತವೆ.

ಎರಡು, ಕುಳಿತುಕೊಳ್ಳುವ ರೀತಿ. ನೀವು ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟಾಗ ಓಡಿಹೋಗುವ ಬದಲು ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಒತ್ತಿ ಕುಳಿತರೆ, ಇನ್ನು ಹೆಚ್ಚು ದಿನ ಇಲ್ಲ ಎಂದು ತಿಳಿಯಿರಿ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಮೊಟ್ಟೆ ಬರುತ್ತದೆ.

ಮೂರು, ಎಲುಬಿನ ಅಳತೆ. ರಾತ್ರಿ ಹೇಂಟೆ ಗೂಡಿನಲ್ಲಿ ಶಾಂತವಾಗಿದ್ದಾಗ ಎತ್ತಿಕೊಂಡು, ಮೊಟ್ಟೆ ಬರುವ ದ್ವಾರದ ಎರಡು ಬದಿಯ ಚೂಪು ಎಲುಬುಗಳ ನಡುವೆ ಬೆರಳಿಟ್ಟು ನೋಡಿ. ಒಂದೇ ಬೆರಳು ಹಿಡಿದರೆ ಇನ್ನೂ ಸಮಯ ಆಗಿಲ್ಲ. ಎರಡು, ಮೂರು ಬೆರಳು ಸಲೀಸಾಗಿ ಹಿಡಿದರೆ ಮೊಟ್ಟೆ ಇಡಲು ಸಿದ್ಧವಾಗಿದೆ, ಅಥವಾ ಈಗಾಗಲೇ ಇಡುತ್ತಿದೆ. ದ್ವಾರವೂ ಒಣಗಿ ಸಣ್ಣದಾಗಿರದೆ, ಅಗಲವಾಗಿ ಒದ್ದೆ ಇರುತ್ತದೆ.

ನಾಲ್ಕು, ಚಡಪಡಿಕೆ. ಬೈಹುಲ್ಲಿನ ರಾಶಿ, ಹಳೆಯ ಬುಟ್ಟಿ, ಸೌದೆ ಕೊಟ್ಟಿಗೆ ಅಂತ ಮೂಲೆ ಮೂಲೆ ಹುಡುಕುತ್ತದೆ, ಒಂದು ರೀತಿಯ ಸ್ವರ ತೆಗೆದು ಗೊಣಗುತ್ತದೆ.

ಈ ಗುರುತುಗಳು ಕಾಣುತ್ತಿರುವ ಹೇಂಟೆಯನ್ನು ಯಾವ ಕಾರಣಕ್ಕೂ ಕೊಯ್ಯಬೇಡಿ, ಮಾರಬೇಡಿ.

"ಮೊಟ್ಟೆ ಇಲ್ಲ" ಅಲ್ಲ, "ಮೊಟ್ಟೆ ಸಿಕ್ಕಿಲ್ಲ"

ಎಲುಬಿನ ನಡುವೆ ಮೂರು ಬೆರಳು ಹಿಡಿಯುತ್ತದೆ, ಜುಟ್ಟು ಕೆಂಪಗಿದೆ, ಆದರೂ ಮೊಟ್ಟೆ ಇಲ್ಲ ಎಂದಾದರೆ ಅನುಮಾನ ಪಡಬೇಕಾದದ್ದು ಹೇಂಟೆಯನ್ನಲ್ಲ. ಅದು ಎಲ್ಲೋ ಇಡುತ್ತಿದೆ, ನಿಮಗೆ ಸಿಗುತ್ತಿಲ್ಲ.

ಬಿಟ್ಟು ಸಾಕಿದ ಊರ ಹೇಂಟೆಗೆ ಮೊಟ್ಟೆ ಅಡಗಿಸುವುದು ಹುಟ್ಟುಗುಣ. ತೆಂಗಿನ ಗರಿಯ ರಾಶಿ, ಅಡಿಕೆ ಸೋಗೆಯ ಅಡಿ, ಪಕ್ಕದ ಮನೆಯವರ ಹಟ್ಟಿ, ಕಾಂಪೌಂಡಿನಾಚೆಯ ಪೊದೆ, ಎಲ್ಲಿ ಬೇಕಾದರೂ ಇಟ್ಟೀತು. ಮೂರು ವಾರ ಕಾಣೆಯಾದ ಹೇಂಟೆ ಒಂದು ಬೆಳಿಗ್ಗೆ ಎಂಟು ಮರಿಗಳ ಜೊತೆ ಅಂಗಳಕ್ಕೆ ಬಂದ ಕಥೆ ಪ್ರತಿ ಊರಲ್ಲೂ ಇದೆ. ಕಾವಿಗೆ 21 ದಿನ ಬೇಕು, ಲೆಕ್ಕ ಸರಿಯಾಗಿದೆ.

ಇನ್ನು ಕಳ್ಳರು. ಮುಂಗುಸಿ, ಉಡ, ನಾಗರಹಾವು, ಹೆಗ್ಗಣ, ಕಾಗೆ, ಇವೆಲ್ಲ ಮೊಟ್ಟೆ ಬಿಡುವುದಿಲ್ಲ. ಕೆಲವೊಮ್ಮೆ ಕೋಳಿಯೇ ಒಡೆದು ತಿನ್ನುತ್ತದೆ. ಸುಣ್ಣದ ಅಂಶ ಕಮ್ಮಿಯಾಗಿ ಸಿಪ್ಪೆ ತೆಳುವಾದರೆ ಮೊಟ್ಟೆ ಬೇಗ ಒಡೆಯುತ್ತದೆ, ಒಮ್ಮೆ ರುಚಿ ಹತ್ತಿದರೆ ಆ ಚಾಳಿ ಬಿಡಿಸುವುದು ಕಷ್ಟ.

ಇದಕ್ಕೆ ಮದ್ದು ಸುಲಭ. ಅನುಮಾನ ಇರುವ ಹೇಂಟೆಯನ್ನು ಮೂರು ನಾಲ್ಕು ದಿನ ಬೆಳಿಗ್ಗೆ ಹತ್ತು, ಹನ್ನೊಂದು ಗಂಟೆಯವರೆಗೆ ಗೂಡಿನಿಂದ ಬಿಡಬೇಡಿ. ಹೆಚ್ಚಿನವು ಬೆಳಗ್ಗಿನ ಹೊತ್ತಿಗೇ ಇಡುವುದರಿಂದ ಸತ್ಯ ಹೊರಗೆ ಬರುತ್ತದೆ. ಗೂಡಿನೊಳಗೆ ಸ್ವಲ್ಪ ಕತ್ತಲಿರುವ ಮೂಲೆಯಲ್ಲಿ ಒಂದಡಿ ಅಗಲದ ಬುಟ್ಟಿ ಅಥವಾ ಹಣ್ಣಿನ ಪೆಟ್ಟಿಗೆ ಇಟ್ಟು, ಒಣ ಬೈಹುಲ್ಲು ಹಾಸಿ. ನಾಲ್ಕೈದು ಹೇಂಟೆಗೆ ಅಂತಹದ್ದು ಒಂದು ಸಾಕು. ನಮ್ಮ ಅಜ್ಜಿಯಂದಿರು ಎಲ್ಲಾ ಮೊಟ್ಟೆ ತೆಗೆಯದೆ ಒಂದನ್ನು ಬುಟ್ಟಿಯಲ್ಲೇ ಬಿಡುತ್ತಿದ್ದರು. ಅದು ಬರಿಯ ಶಾಸ್ತ್ರ ಅಲ್ಲ, "ಇದು ಮೊಟ್ಟೆ ಇಡುವ ಜಾಗ" ಎಂದು ಹೊಸ ಹೇಂಟೆಗೆ ಕಲಿಸುವ ಉಪಾಯ. ಮಕ್ಕಳ ಪಿಂಗ್‌ಪಾಂಗ್ ಚೆಂಡು ಇಟ್ಟರೂ ನಡೆಯುತ್ತದೆ.

ಸುಬಹಿಯಿಂದ ಇಶಾವರೆಗೆ ಬೆಳಕು

ಪ್ರಾಯ ಆಗಿದೆ, ಅಡಗಿಸಿಯೂ ಇಲ್ಲ, ಆದರೂ ತಡ ಎಂದಾದರೆ ಮುಂದೆ ನೋಡಬೇಕಾದದ್ದು ಬೆಳಕು. ಕೋಳಿಯ ಮೊಟ್ಟೆ ಹಗಲಿನ ಉದ್ದವನ್ನು ಹೊಂದಿಕೊಂಡಿದೆ. ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆಯ ಮೂಲಕವೂ ಬೆಳಕು ಮೆದುಳಿಗೆ ತಲುಪಿ, ಮೊಟ್ಟೆಗೆ ಬೇಕಾದ ಹಾರ್ಮೋನುಗಳನ್ನು ಎಬ್ಬಿಸುತ್ತದೆ. ಚೆನ್ನಾಗಿ ಇಡಬೇಕಾದರೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು.

ಮಂಗಳೂರಿನ ಕಡೆ ಅತಿ ಉದ್ದದ ಹಗಲು ಜೂನ್ ತಿಂಗಳಲ್ಲಿ, ಅದೂ ಸುಮಾರು 13 ಗಂಟೆ ಮಾತ್ರ. ಡಿಸೆಂಬರಿನಲ್ಲಿ ಅದು 11 ಗಂಟೆ 20 ನಿಮಿಷದ ಹತ್ತಿರಕ್ಕೆ ಇಳಿಯುತ್ತದೆ. ಜೂನಿನಲ್ಲಿ ಹಗಲು ಉದ್ದ ಇದ್ದರೂ ಪ್ರಯೋಜನ ಎಂತದ್ದು? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ಮೋಡ ಕವಿದ ದಿನ, ಮೇಲಿಂದ ಗೂಡಿಗೆ ಟಾರ್ಪಾಲು, ಹೊರಗೆ ಬಿಡಲಿಕ್ಕಿಲ್ಲ. ಕೋಳಿಯ ಮಟ್ಟಿಗೆ ಅದು ಇಡೀ ದಿನ ಮುಸ್ಸಂಜೆ. ಜನವರಿ, ಫೆಬ್ರವರಿಯಲ್ಲಿ ಒಡೆದ ಊರ ಕೋಳಿ ಮರಿಗಳಿಗೆ ಪ್ರಾಯ ತುಂಬುವುದು ಸರಿಯಾಗಿ ಇದೇ ಜುಲೈ, ಆಗಸ್ಟ್ ತಿಂಗಳಲ್ಲಿ. ತಡವಾಗದೆ ಇನ್ನೇನು? ಅದೇ ಜುಲೈ, ಆಗಸ್ಟಿನಲ್ಲಿ ಒಡೆದ ಮರಿಗಳು ಜನವರಿಯ ನಂತರ, ಹಗಲು ದಿನದಿಂದ ದಿನಕ್ಕೆ ಬೆಳೆಯುವ ಹೊತ್ತಿಗೆ ಪ್ರಾಯಕ್ಕೆ ಬರುತ್ತವೆ. ಅವುಗಳಿಗೆ ಬೆಳಕಿನ ಅನುಕೂಲ ಇರುತ್ತದೆ. ಆದರೆ ಮಳೆಗಾಲದ ಮರಿಯನ್ನು ಬೆಚ್ಚಗೆ, ಒಣಗಿದ ಜಾಗದಲ್ಲಿ ಉಳಿಸಿಕೊಳ್ಳುವುದೇ ಕಷ್ಟದ ಕೆಲಸ.

ಇದಕ್ಕೆ ಪರಿಹಾರ ನಮ್ಮ ಮನೆಯ ದಿನಚರಿಯಲ್ಲೇ ಉಂಟು. ಸುಬಹಿ ನಮಾಝಿಗೆ ಏಳುವಾಗ ಕೋಳಿಗೂಡಿನ ಒಂದು ಸಣ್ಣ ಎಲ್‌ಇಡಿ ಬಲ್ಬ್ ಹಾಕಿ. ಬೆಳಕು ಹರಿದ ಮೇಲೆ ಆರಿಸಿ. ಮಗ್ರಿಬಿಗೆ ಮತ್ತೆ ಹಾಕಿ, ಇಶಾ ಬಾಂಗ್ ಕೊಡುವಾಗ ಆರಿಸಿ. ಬೆಳಿಗ್ಗೆ ಸುಮಾರು ಒಂದೂಕಾಲು ಗಂಟೆ, ಸಂಜೆ ಅಷ್ಟೇ ಹೊತ್ತು ಸೇರಿದರೆ, ಅತಿ ಚಿಕ್ಕ ಹಗಲಿನ ದಿನವೂ ಹದಿನಾಲ್ಕು ಗಂಟೆಯ ಹತ್ತಿರ ಬರುತ್ತದೆ. ಮಳೆಗಾಲದ ಕಪ್ಪು ದಿನಗಳಲ್ಲಿ ಹಗಲಿಗೂ ಬಲ್ಬ್ ಉರಿಯಲಿ. ಬೇರೆ ಟೈಮರ್ ಬೇಡ, ಬಾಂಗೇ ಟೈಮರ್. ಮುಖ್ಯವಾದದ್ದು ಕ್ರಮ ತಪ್ಪಬಾರದು. ಒಂದು ದಿನ ಹಾಕಿ ಎರಡು ದಿನ ಮರೆತರೆ ಉಪಯೋಗ ಇಲ್ಲ.

ಒಂದು ಎಚ್ಚರಿಕೆ. 16 ವಾರ ತುಂಬದ ಮರಿಗಳಿಗೆ ಹೀಗೆ ಬೆಳಕು ಹೆಚ್ಚಿಸಬೇಡಿ. ಮೈ ಬಲಿಯುವ ಮೊದಲೇ ಮೊಟ್ಟೆ ಶುರುವಾದರೆ ಮೊಟ್ಟೆ ಸಿಕ್ಕಿಕೊಳ್ಳುವುದು, ದ್ವಾರದಿಂದ ಕರುಳು ಹೊರಬರುವಂತಹ ತೊಂದರೆಗಳಾಗಿ ಹೇಂಟೆಯೇ ಸತ್ತುಹೋಗಬಹುದು. ತಡವಾಗಿ ಶುರು ಮಾಡಿದ ಹೇಂಟೆಯಿಂದ ನಷ್ಟ ಇಲ್ಲ, ಅವಸರದಿಂದ ಶುರು ಮಾಡಿಸಿದ ಹೇಂಟೆಯಿಂದ ನಷ್ಟ ಇದೆ.

ಬಿರಿಯಾನಿಯ ಅನ್ನದಿಂದ ಮೊಟ್ಟೆ ಆಗುವುದಿಲ್ಲ

"ತಿನ್ನಲಿಕ್ಕೆ ಎಂತದ್ದೂ ಕಮ್ಮಿ ಇಲ್ಲ" ಎನ್ನುವವರ ಗೂಡಿನಲ್ಲಿ ನೋಡಿದರೆ ಅನ್ನ, ನುಚ್ಚಕ್ಕಿ, ರೊಟ್ಟಿ ಚೂರು, ಮದುವೆ ಮನೆಯಿಂದ ಉಳಿದ ಬಿರಿಯಾನಿ. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಇವೆಲ್ಲ ಪಿಷ್ಟ ಮತ್ತು ಕೊಬ್ಬು. ಕೋಳಿ ದಪ್ಪವಾಗುತ್ತದೆ, ಹೊಟ್ಟೆಯೊಳಗೆ ಹಳದಿ ಕೊಬ್ಬು ತುಂಬುತ್ತದೆ, ಮೊಟ್ಟೆ ಹಿಂದೆ ಹೋಗುತ್ತದೆ. ಕೊಯ್ದಾಗ ಗೊಂಚಲಿನ ಬದಲು ಕೊಬ್ಬಿನ ಮುದ್ದೆ ಸಿಕ್ಕಿದರೆ ಕಾರಣ ಇದೇ.

ಮೊಟ್ಟೆಗೆ ಮುಖ್ಯವಾಗಿ ಬೇಕಾದದ್ದು ಎರಡು: ಪ್ರೊಟೀನ್ ಮತ್ತು ಕ್ಯಾಲ್ಸಿಯಂ. ಮೊಟ್ಟೆ ಇಡುವ ಹೇಂಟೆಯ ಆಹಾರದಲ್ಲಿ ನೂರಕ್ಕೆ 16ರಿಂದ 18 ಭಾಗ ಪ್ರೊಟೀನ್ ಇರಬೇಕು. ಅಕ್ಕಿಯಲ್ಲಿ ಇರುವುದು ಏಳೆಂಟು ಭಾಗ ಮಾತ್ರ. ದಿನಕ್ಕೆ ಒಂದು ಹೇಂಟೆಗೆ 100ರಿಂದ 120 ಗ್ರಾಂ ಆಹಾರ ಸಾಕು. ಅದರಲ್ಲಿ ಅರ್ಧದಷ್ಟಾದರೂ ಅಂಗಡಿಯಲ್ಲಿ ಸಿಗುವ ಲೇಯರ್ ಫೀಡ್ ಇದ್ದರೆ ಒಳ್ಳೆಯದು. ಉಳಿದದ್ದಕ್ಕೆ ತೌಡು, ನೆಲಗಡಲೆ ಹಿಂಡಿ ಅಥವಾ ತೆಂಗಿನ ಹಿಂಡಿ, ನುಗ್ಗೆ ಸೊಪ್ಪು, ಅಜೋಲಾ ಸೇರಿಸಬಹುದು. ಹಿಂದಿನವರು ಗೆದ್ದಲು ಹುತ್ತದ ತುಂಡು ತಂದು ಮರಿಗಳ ಮುಂದೆ ಒಡೆಯುತ್ತಿದ್ದರಲ್ಲ, ಅದೂ ಪ್ರೊಟೀನೇ.

ಕರಾವಳಿಯವರಾದ ನಮಗೆ ಇನ್ನೊಂದು ಭಾಗ್ಯ ಮೀನು. ಬೂತಾಯಿ, ಬಂಗುಡೆ ಶುಚಿ ಮಾಡುವಾಗ ಬರುವ ತಲೆ, ಕರುಳನ್ನು ಬೆಕ್ಕಿಗೆ ಎಸೆಯುವ ಬದಲು ಬೇಯಿಸಿ, ತೌಡಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪ ಕೊಡಿ. ಹೆಚ್ಚಾದರೆ ಮೊಟ್ಟೆಗೇ ಮೀನಿನ ವಾಸನೆ ಬರುತ್ತದೆ. ಉಪ್ಪು ಹಾಕಿದ ಒಣಮೀನು ಮಾತ್ರ ಬೇಡವೇ ಬೇಡ. ಹೆಚ್ಚು ಉಪ್ಪು ಕೋಳಿಗೆ ವಿಷ.

ಕ್ಯಾಲ್ಸಿಯಂ ವಿಷಯ. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಹೇಂಟೆಯೊಳಗೆ ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಹಿಡಿಯುತ್ತದೆ, ಅದರಲ್ಲಿ ಸುಮಾರು 20 ಗಂಟೆ ಸಿಪ್ಪೆ ಕಟ್ಟುವುದಕ್ಕೇ ಹೋಗುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಸಿಗದಿದ್ದರೆ ಹೇಂಟೆ ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತದೆ, ಸ್ವಲ್ಪ ದಿನದಲ್ಲಿ ಕಾಲು ಸೋತು ಮೊಟ್ಟೆ ನಿಲ್ಲಿಸುತ್ತದೆ. ಇದಕ್ಕೆ ಔಷಧ ಅಂಗಡಿಗೆ ಹೋಗಬೇಕಿಲ್ಲ. ಮರುವಾಯಿ ಸಾರು ಮಾಡಿದ ದಿನ ಚಿಪ್ಪು ಎಸೆಯಬೇಡಿ. ತೊಳೆದು ಒಣಗಿಸಿ, ಬೆಂಕಿಯಲ್ಲಿ ಸ್ವಲ್ಪ ಕಾಯಿಸಿದರೆ ಸುಲಭವಾಗಿ ಪುಡಿಯಾಗುತ್ತದೆ. ಅಕ್ಕಿ ನುಚ್ಚಿನಷ್ಟು ತರಿಯಾಗಿ ಜಜ್ಜಿ ಬೇರೆ ತಟ್ಟೆಯಲ್ಲಿ ಇಡಿ. ಹೇಂಟೆ ತನಗೆ ಬೇಕಾದಷ್ಟೇ ತಿನ್ನುತ್ತದೆ. ಮನೆಯ ಮೊಟ್ಟೆ ಸಿಪ್ಪೆಯೂ ಆದೀತು, ಆದರೆ ಗುರುತೇ ಸಿಗದ ಹಾಗೆ ಪುಡಿ ಮಾಡಬೇಕು, ಇಲ್ಲದಿದ್ದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಕಲಿಯುತ್ತದೆ.

ಇದರಲ್ಲೂ ಅವಸರ ಬೇಡ. ಎಳೆ ಮರಿಗಳಿಗೆ ಲೇಯರ್ ಫೀಡ್ ಕೊಟ್ಟರೆ ಅದರಲ್ಲಿರುವ ಹೆಚ್ಚಿನ ಕ್ಯಾಲ್ಸಿಯಂ ಮೂತ್ರಪಿಂಡವನ್ನು ಕೆಡಿಸುತ್ತದೆ. ಜುಟ್ಟು ಕೆಂಪಾಗಲು ಶುರುವಾದ ಮೇಲೆ, ಅಥವಾ ಮೊದಲ ಮೊಟ್ಟೆ ಬಂದ ಮೇಲೆ ಕೊಟ್ಟರೆ ಸರಿ.

ನೀರು ಎಲ್ಲಕ್ಕಿಂತ ದೊಡ್ಡದು. ತಿನ್ನುವ ಆಹಾರದ ಎರಡರಷ್ಟು ನೀರು ಬೇಕು, ಏಪ್ರಿಲ್, ಮೇ ಸೆಕೆಗೆ ಇನ್ನೂ ಹೆಚ್ಚು. ಮಧ್ಯಾಹ್ನ ಬಿಸಿಲಿಗೆ ಪಾತ್ರೆ ಒಣಗಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಹೇಂಟೆಗೆ ಗೊತ್ತಾಗುತ್ತದೆ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿಗೆ ಏನು ಗತಿಯಾಯಿತು ಎಂಬ ಹದೀಸ್ ನಮ್ಮ ಮದ್ರಸದ ಚಿಕ್ಕ ಮಕ್ಕಳಿಗೂ ಗೊತ್ತು. ಗೂಡಿನಲ್ಲಿ ಕೂಡಿಹಾಕಿದ ಮೇಲೆ ಅದರ ಅನ್ನ, ನೀರು ನಮ್ಮ ಜವಾಬ್ದಾರಿ, ಮೊಟ್ಟೆ ಇಟ್ಟರೂ ಇಡದಿದ್ದರೂ.

ಹುಳ, ಹೇನು, ಕಾಯಿಲೆ

ಚೆನ್ನಾಗಿ ತಿಂದರೂ ಎದೆಯ ಎಲುಬು ಕತ್ತಿಯಂತೆ ಚೂಪಾಗಿದ್ದು, ಜುಟ್ಟು ಬಿಳುಚಿಕೊಂಡಿದ್ದರೆ ಹೊಟ್ಟೆಯಲ್ಲಿ ಜಂತುಹುಳ ಇರಬಹುದು. ಬಿಟ್ಟು ಸಾಕುವ ಕೋಳಿಗೆ ಇದು ಸಾಮಾನ್ಯ. ಹತ್ತಿರದ ಸರಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ ಹುಳದ ಮದ್ದು ಕೊಡಿಸಿ. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ. ರೆಕ್ಕೆಯಡಿ, ದ್ವಾರದ ಸುತ್ತ ಗರಿ ಬಿಡಿಸಿ ಹೇನು ಉಂಟಾ ನೋಡಿ. ರಾತ್ರಿ ಗೂಡಿನ ಮರದ ಸಂದಿಯಿಂದ ಬಂದು ರಕ್ತ ಹೀರುವ ಉಣ್ಣಿಯಂತಹ ಸಣ್ಣ ಹುಳಗಳೂ ಇರುತ್ತವೆ. ರಕ್ತ ಕಳೆದುಕೊಂಡ ಹೇಂಟೆ ಮೊಟ್ಟೆಗೆ ಶಕ್ತಿ ಎಲ್ಲಿಂದ ತರಬೇಕು? ಕೋಳಿಗೆ ಒಣ ಬೂದಿ, ಮಣ್ಣಿನ ಗುಂಡಿ ಮಾಡಿಕೊಡಿ. ಅದರಲ್ಲಿ ಹೊರಳುವುದೇ ಅದರ ಸ್ನಾನ.

ಮಳೆಗಾಲದಲ್ಲಿ ಗೂಡಿನ ನೆಲ ಒದ್ದೆಯಾಗದಂತೆ ನೋಡಿಕೊಳ್ಳಿ. ಒದ್ದೆ ಹಾಸಿನಲ್ಲಿ ರಕ್ತಭೇದಿ ಹಬ್ಬುತ್ತದೆ. ಉಮಿ ಅಥವಾ ಮರದ ಹೊಟ್ಟು ಹಾಸಿ, ಒದ್ದೆಯಾದ ಕೂಡಲೇ ಬದಲಿಸಿ. ಬೂಸ್ಟು ಹಿಡಿದ ಜೋಳ, ಹಿಂಡಿ "ಕೋಳಿಗೆ ಆದೀತು" ಅಂತ ಹಾಕುವುದೂ ತಪ್ಪು. ಅದರ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ.

ಕೆಲವು ಹೇಂಟೆಗಳು ಮಾತ್ರ ನಿಜವಾಗಿಯೂ ಯಾವತ್ತೂ ಇಡುವುದಿಲ್ಲ. ಮರಿಯಾಗಿದ್ದಾಗ ಉಸಿರಾಟದ ಸೋಂಕು, ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬ ಕಾಯಿಲೆ ಬಂದು ವಾಸಿಯಾಗಿದ್ದರೂ, ಮೊಟ್ಟೆಯ ನಾಳ ಶಾಶ್ವತವಾಗಿ ಕೆಟ್ಟಿರಬಹುದು. ಹೊರಗೆ ನೋಡಿದರೆ ಕೆಂಪು ಜುಟ್ಟು, ಒಳ್ಳೆಯ ಮೈ, ಬುಟ್ಟಿಯಲ್ಲಿ ಕೂರುವುದೂ ಉಂಟು, ಮೊಟ್ಟೆ ಮಾತ್ರ ಬರುವುದಿಲ್ಲ. ಮರಿ ಇರುವಾಗಲೇ ಜಾಗ್ರತೆ ಮಾಡಬೇಕು. ನಮ್ಮೂರ ಕೋಳಿಗಳನ್ನು ಒಮ್ಮೆಲೇ ಗುಡಿಸಿಹಾಕುವ ರಾಣಿಖೇತ್ ಅಂದರೆ ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಒಂದು, ನಾಲ್ಕನೇ ವಾರದಲ್ಲಿ ಇನ್ನೊಂದು, ಎಂಟರಿಂದ ಹತ್ತನೇ ವಾರದ ನಡುವೆ ಮತ್ತೊಂದು ಲಸಿಕೆ ಹಾಕಿಸುವುದು ಕ್ರಮ. ಒಂದು ಸೀಸೆ ಲಸಿಕೆ ನೂರಾರು ಕೋಳಿಗೆ ಆಗುತ್ತದೆ, ನಾಲ್ಕು ಕೋಳಿಗೆ ಅಂತ ಒಡೆದರೆ ಉಳಿದದ್ದು ಹಾಳು. ಅಕ್ಕಪಕ್ಕದ ಹತ್ತು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ಎಲ್ಲರಿಗೂ ಲಾಭ. ಜಮಾಅತಿನವರು ಮನಸ್ಸು ಮಾಡಿದರೆ ಪಶು ವೈದ್ಯರನ್ನು ಒಂದು ದಿನ ಊರಿಗೆ ಕರೆಸುವುದು ದೊಡ್ಡ ಕೆಲಸವಲ್ಲ.

ಎಷ್ಟು ದಿನ ಕಾಯಬೇಕು?

ಕಾಯುವುದಕ್ಕೂ ಒಂದು ಮಿತಿ ಇರಬೇಕು, ಸರಿ. ಲೆಕ್ಕ ಹೀಗೆ ಹಾಕಿ. ಗಿರಿರಾಜ, ಸ್ವರ್ಣಧಾರ, ಗ್ರಾಮಪ್ರಿಯದಂತಹ ತಳಿಗಳಿಗೆ 28 ವಾರ ತುಂಬಲಿ. ಊರ ಕೋಳಿಗೆ 32 ವಾರ. ಅಷ್ಟರೊಳಗೆ ಆಹಾರ ಸರಿಮಾಡಿ, ಹುಳದ ಮದ್ದು ಕೊಟ್ಟು, ಸುಬಹಿಯಿಂದ ಇಶಾವರೆಗಿನ ಬೆಳಕನ್ನು ಕಮ್ಮಿಯೆಂದರೆ ನಾಲ್ಕು ವಾರ ಬಿಡದೆ ಕೊಟ್ಟು ನೋಡಿ. ಬೆಳಕಿನ ಫಲ ಕಾಣಲು ಎರಡು ಮೂರು ವಾರವಾದರೂ ಬೇಕು. ಹೀಗೆ ನಾಲ್ಕು ವಾರ ಹೆಚ್ಚು ಕಾಯಲು ಒಂದು ಹೇಂಟೆಗೆ ಬೇಕಾಗುವುದು ಮೂರು ಕಿಲೋ ಆಹಾರ. ಊರ ಹೇಂಟೆ ವರ್ಷಕ್ಕೆ 50ರಿಂದ 70 ಮೊಟ್ಟೆ ಕೊಡುತ್ತದೆ, ಸುಧಾರಿತ ತಳಿಗಳು ಅದರ ಎರಡು ಪಟ್ಟಿಗಿಂತ ಹೆಚ್ಚು. ಮೂರು ಕಿಲೋ ಆಹಾರದ ಮೇಲೆ ಈ ಪಂದ್ಯ ಕಟ್ಟಬಹುದಾದದ್ದೇ.

ಅಷ್ಟೂ ಆಗಿ, ಎಲುಬಿನ ನಡುವೆ ಒಂದೇ ಬೆರಳು ಹಿಡಿಯುತ್ತಿದ್ದರೆ ಆಗ ಬಿಸ್ಮಿ ಹೇಳಿ ಕೊಯ್ಯಿರಿ. ಅದರಲ್ಲಿ ಬೇಸರ ಪಡುವಂತದ್ದು ಏನೂ ಇಲ್ಲ. ಕೊಯ್ದ ಮೇಲೆ ಒಳಗೆ ಗೊಂಚಲು ಉಂಟಾ, ಕೊಬ್ಬು ಉಂಟಾ, ಹುಳ ಉಂಟಾ ಅಂತ ನೋಡಿಡಿ. ಉಳಿದ ಹೇಂಟೆಗಳ ಬಗ್ಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಮೊದಲ ಮೊಟ್ಟೆ ಸಿಕ್ಕಿದಾಗ ಅದು ಪಾರಿವಾಳದ ಮೊಟ್ಟೆಯಷ್ಟು ಸಣ್ಣದಿರಬಹುದು, ಒಳಗೆ ಹಳದಿಯೇ ಇಲ್ಲದಿರಬಹುದು, ಸಿಪ್ಪೆ ಮೆತ್ತಗಿರಬಹುದು. ಹೆದರಬೇಡಿ, ಎರಡು ಮೂರು ವಾರದಲ್ಲಿ ಸರಿಯಾಗುತ್ತದೆ. ಹತ್ತಿಪ್ಪತ್ತು ಮೊಟ್ಟೆ ಇಟ್ಟು ಊರ ಹೇಂಟೆ ಕಾವಿಗೆ ಕೂತರೆ, ಒಂದೂವರೆ ವರ್ಷದ ಹೊತ್ತಿಗೆ ಗರಿ ಉದುರಿಸಿ ಎರಡು ಮೂರು ತಿಂಗಳು ವಿಶ್ರಾಂತಿ ತೆಗೆದುಕೊಂಡರೆ ಅದೂ ಕಾಯಿಲೆಯಲ್ಲ, ಅದರ ಸ್ವಭಾವ.

ಈ ವಾರ ಮನೆಯಲ್ಲಿ ಮಾಡಬಹುದಾದ ಕೆಲಸ ಇಷ್ಟೇ. ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಪ್ರತಿ ಹೇಂಟೆಗೆ ಒಂದು ಪುಟ. ಒಡೆದ ದಿನ, ಹುಳದ ಮದ್ದು ಕೊಟ್ಟ ದಿನ, ಲಸಿಕೆ ಹಾಕಿದ ದಿನ, ಮೊದಲ ಮೊಟ್ಟೆಯ ದಿನ. ಮುಂದಿನ ಸಲ ಯಾರಾದರೂ "ನಿಮ್ಮ ಕೋಳಿ ಇನ್ನೂ ಇಟ್ಟಿಲ್ವಾ?" ಎಂದು ಕೇಳಿದರೆ ಪುಸ್ತಕ ತೆಗೆದು ವಾರ ಎಣಿಸಿ ಉತ್ತರ ಕೊಡಿ.